ದೇವತೆಗಳ ಪಾಲು

119 ಪೌಂಡ್, 19 ಶಿಲಿಂಗ್, 10 ಪೆನ್ನಿ. ಇನ್ನೆರಡು ಪೆನ್ನಿ ಸೇರಿದ್ದರೆ ಸರಿಯಾಗಿ 120 ಪೌಂಡ್! ಸ್ಕಾಟ್ಲೆಂಡಿನ ಡಫ್‌ಟೌನ್‌ನ ವಿಲಿಯಂ ಗ್ರಾಂಟ್, ಕಾರ್ಡೋ ಡಿಸ್ಟಿಲರಿಯ ಒಡತಿ ಎಲಿಜಬೆತ್ ಕಮಿಂಗ್ ಅವರಿಂದ ಹಳೆಯ ತಾಮ್ರದ ಹಂಡೆಗಳನ್ನೂ ಸಲಕರಣೆಗಳನ್ನೂ ಕೊಂಡದ್ದು ಇಷ್ಟು ಹಣಕ್ಕೆ. ಅದಕ್ಕೆ ಮೊದಲು ಗ್ರಾಂಟ್ ಅದೇ ಊರಿನ ಮಾರ್ಟ್‌ಲಾಕ್ ಡಿಸ್ಟಿಲರಿಯಲ್ಲಿ 20 ವರ್ಷ ದುಡಿದಿದ್ದರು. 1886ರಲ್ಲಿ ಅವರದೇ ಡಿಸ್ಟಿಲರಿಯ ಕಟ್ಟಡದ ಕೆಲಸ ಶುರುವಾಯಿತು. ಕಟ್ಟಿದವರು ಯಾರು? ಅವರ ಏಳು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ಒಬ್ಬನೇ ಒಬ್ಬ ಕಲ್ಲುಕುಟಿಗ. 1887ರ ಕ್ರಿಸ್‌ಮಸ್ ದಿನ ಹಂಡೆಯಿಂದ ಮೊದಲ ಹನಿ ಇಳಿಯಿತು. ಅದೇ ಗ್ಲೆನ್‌ಫಿಡಿಕ್ ವಿಸ್ಕಿ. ಹೆಸರಿಗೆ ಗೇಲಿಕ್ ನುಡಿಯಲ್ಲಿ ಜಿಂಕೆಗಳ ಕಣಿವೆ ಎಂದರ್ಥ.

ಹನಿ ಇಳಿದ ಮೇಲೆ ಶುರುವಾಗುವುದು ಕಾಯುವ ಕೆಲಸ. ಹನ್ನೆರಡು ವರ್ಷದ ವಿಸ್ಕಿ ಎಂದರೆ, ಅದು ಪೀಪಾಯಿ ಸೇರಿದ ದಿನ ಹುಟ್ಟಿದ ಮಗು ಈಗ ಏಳನೇ ತರಗತಿಯಲ್ಲಿದೆ. ಹೀಗೆ ಕಾಯುತ್ತಿರುವ ಪೀಪಾಯಿಗಳು ಸ್ಕಾಟ್ಲೆಂಡಿನಲ್ಲಿ ಸುಮಾರು 2.2 ಕೋಟಿ. ಜನಸಂಖ್ಯೆ 55 ಲಕ್ಷ. ತೊಟ್ಟಿಲ ಕೂಸಿಗೂ ತಲಾ ನಾಲ್ಕು!

ಓಕ್ ಮರದ ಪೀಪಾಯಿ ಉಸಿರಾಡುತ್ತದೆ. ವರ್ಷಕ್ಕೆ ನೂರರಲ್ಲಿ ಸುಮಾರು ಎರಡು ಪಾಲು ಆವಿಯಾಗಿ ಹೋಗುತ್ತದೆ. ಇದಕ್ಕೆ ಅಲ್ಲಿಯವರು ಇಟ್ಟ ಹೆಸರು ದೇವತೆಗಳ ಪಾಲು. ಪೀಪಾಯಿಗೆ 200 ಲೀಟರ್ ಎಂದು ಹಿಡಿದು ಲೆಕ್ಕ ಹಾಕಿ: ವರ್ಷಕ್ಕೆ ಹತ್ತಿರಹತ್ತಿರ 9 ಕೋಟಿ ಲೀಟರ್. ಅಂದರೆ ನೀವು 'ಒಂದು' ಎನ್ನುವಷ್ಟರಲ್ಲಿ ನಾಲ್ಕು ಬಾಟಲಿ ಗಾಳಿಗೆ. ಐವತ್ತು ವರ್ಷ ಕಾದ ಪೀಪಾಯಿಯಲ್ಲಿ 200ಕ್ಕೆ ಉಳಿಯುವುದು 73 ಲೀಟರ್ ಮಾತ್ರ. ಆ ಆವಿಯನ್ನೇ ಉಂಡು ಬದುಕುವ ಬಾಡೋಯಿನಿಯಾ ಎಂಬ ಬೂಷ್ಟು ಗೋದಾಮಿನ ಗೋಡೆಗೂ ಸುತ್ತಲ ಮರಗಳಿಗೂ ಮಸಿ ಬಳಿದಿರುತ್ತದೆ.

ದೇವತೆಗಳು ಬಿಟ್ಟದ್ದು ನಮ್ಮ ಪಾಲಿಗೆ. 2024ರಲ್ಲಿ ಸ್ಕಾಟ್ಲೆಂಡಿನಿಂದ ಹೊರದೇಶಗಳಿಗೆ ಹೋದದ್ದು ಸುಮಾರು 140 ಕೋಟಿ ಬಾಟಲಿ, ಸೆಕೆಂಡಿಗೆ 44. ಅದರಲ್ಲಿ 19 ಕೋಟಿಗೂ ಹೆಚ್ಚು ತರಿಸಿಕೊಂಡು, ಬಾಟಲಿಗಳ ಲೆಕ್ಕದಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಭಾರತ.

ವಿಸ್ಕಿ ಇಷ್ಟೊಂದು ಗಾಳಿಪಾಲಾಗುವ ಬದಲು ಅದನ್ನು ಗಾಳಿಯಾಡದ ಉಕ್ಕಿನ ಡ್ರಮ್ಮಿನಲ್ಲಿ ತುಂಬಿಡಬಾರದೇ ಎಂದು ಯಾರಾದರೂ ಕೇಳಬಹುದು. ಇಡಬಹುದು, ನಷ್ಟವೂ ನಿಲ್ಲುತ್ತದೆ. ಆದರೆ ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಕಳೆಯದ ಮದ್ಯವನ್ನು ಸ್ಕಾಚ್ ಎಂದು ಕರೆಯಲು ಕಾನೂನು ಒಪ್ಪುವುದಿಲ್ಲ.