ಬೆಳಕಿನ ಖಡ್ಗ ಮತ್ತು ಒಂದು ವ್ಯಾಟ್ ಲೇಸರ್

2010ರ ಜೂನ್ ತಿಂಗಳಲ್ಲಿ ಹಾಂಗ್‌ಕಾಂಗ್ ಮೂಲದ ವಿಕೆಡ್ ಲೇಸರ್ಸ್ ಎಂಬ ಸಂಸ್ಥೆ ಕೈಯಲ್ಲಿ ಹಿಡಿಯಬಹುದಾದ ನೀಲಿ ಲೇಸರೊಂದನ್ನು ಮಾರಾಟಕ್ಕಿಟ್ಟಿತು. ಅದರ ಹೆಸರು ಆರ್ಕ್‌ಟಿಕ್, ಬೆಲೆ ಸುಮಾರು 200 ಡಾಲರ್. ತರಂಗದೂರ 445 ನ್ಯಾನೊಮೀಟರ್. ಸಂಸ್ಥೆ ಹೇಳಿಕೊಂಡ ಸಾಮರ್ಥ್ಯ 1 ವ್ಯಾಟ್. ಪತ್ರಿಕೆಗಳು ಇದನ್ನು ‘ಸ್ಟಾರ್ ವಾರ್ಸ್’ ಚಲನಚಿತ್ರಗಳ ‘ಲೈಟ್‌ಸೇಬರ್’ಗೆ, ಅಂದರೆ ಬೆಳಕಿನ ಖಡ್ಗಕ್ಕೆ ಹೋಲಿಸಿ ಬರೆದವು. ಕೆಲವೇ ವಾರಗಳಲ್ಲಿ ಚಿತ್ರಗಳ ಒಡೆತನ ಹೊಂದಿದ್ದ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯಿಂದ ವಕೀಲರ ಪತ್ರ ಬಂದಿತು. ಈ ಲೇಸರಿನ ಹಿಡಿ ನಮ್ಮ ಖಡ್ಗದ ಹಿಡಿಯಂತೆಯೇ ಇದೆ, ಆಕಾರ ಬದಲಿಸಿ ಇಲ್ಲವೇ ಮಾರಾಟ ನಿಲ್ಲಿಸಿ ಎಂಬುದು ಅದರ ತಾತ್ಪರ್ಯ. ತಾನು ಜಾಹೀರಾತಿನಲ್ಲಿ ಎಲ್ಲಿಯೂ ಆ ಹೆಸರನ್ನು ಬಳಸಿಲ್ಲವೆಂದು ತಯಾರಕ ಸಂಸ್ಥೆ ಉತ್ತರಿಸಿತು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಲಿಲ್ಲ.

ಈ ಜಗಳ ನಡೆದುದು ಹಿಡಿಯ ಆಕಾರದ ಬಗ್ಗೆ. ಭೌತವಿಜ್ಞಾನ ಓದಿದವರಿಗೆ ಕುತೂಹಲ ಹುಟ್ಟಿಸುವುದು ಮಾತ್ರ ಹಿಡಿಯ ತುದಿಯಿಂದ ಹೊರಬರುವ ದೂಲ. ಎರಡನ್ನೂ ಬಿಡಿಸಿ ನೋಡೋಣ.

ಮೊದಲು ಹಿಡಿಯನ್ನೇ ತೆಗೆದುಕೊಳ್ಳಿ. 1977ರಲ್ಲಿ ತೆರೆಕಂಡ ಮೊದಲ ಚಿತ್ರದಲ್ಲಿ ನಾಯಕ ಹಿಡಿದ ಖಡ್ಗದ ಹಿಡಿ ಯಾವುದೋ ಕಮ್ಮಟದಲ್ಲಿ ಹೊಸದಾಗಿ ಎರಕ ಹೊಯ್ದದ್ದಲ್ಲ. ಹಳೆಯ ಪತ್ರಿಕಾ ಛಾಯಾಗ್ರಾಹಕರು ಕ್ಯಾಮರಾದ ಪಕ್ಕಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಗ್ರಾಫ್ಲೆಕ್ಸ್ ಕಂಪನಿಯ ಫ್ಲ್ಯಾಶ್ ದೀಪದ ಬ್ಯಾಟರಿ ಕೊಳವೆ ಅದು! ಚಿತ್ರದ ಕಲಾವಿಭಾಗದ ರೋಜರ್ ಕ್ರಿಶ್ಚಿಯನ್ ಅದನ್ನು ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡು, ಅದಕ್ಕೆ ಕೆಲವು ಪಟ್ಟಿಗಳನ್ನು ಅಂಟಿಸಿ ಆಯುಧ ಮಾಡಿದರು. ಹೊಳೆಯುವ ಅಲಗನ್ನು ಆಮೇಲೆ ಫಿಲ್ಮಿನ ಚೌಕಟ್ಟುಗಳ ಮೇಲೆ ಚಿತ್ರಿಸಿ ಸೇರಿಸಲಾಯಿತು. ಹೀಗೆ ಒಂದು ಗ್ರಾಹಕ ವಸ್ತು ಚಿತ್ರದ ಆಯುಧವಾಯಿತು. 33 ವರ್ಷಗಳ ನಂತರ ಇನ್ನೊಂದು ಗ್ರಾಹಕ ವಸ್ತು ಆ ಆಯುಧವನ್ನು ಹೋಲುತ್ತದೆಂದು ಆಕ್ಷೇಪಣೆ ಬಂದಿತು. ಬ್ಯಾಟರಿ ತುಂಬುವ ಲೋಹದ ಕೊಳವೆಗಳೆಲ್ಲ ಸ್ವಲ್ಪಮಟ್ಟಿಗೆ ಒಂದನ್ನೊಂದು ಹೋಲಲೇಬೇಕು ಎಂಬುದು ನನ್ನ ಅನಿಸಿಕೆ.

ಕೃತಿಸ್ವಾಮ್ಯದ ಕಾನೂನು ಕಲ್ಪನೆಗೆ ರಕ್ಷಣೆ ಕೊಡುವುದಿಲ್ಲ, ಆ ಕಲ್ಪನೆ ತಳೆದ ರೂಪಕ್ಕೆ ಮಾತ್ರ ಕೊಡುತ್ತದೆ. ‘ಬೆಳಕಿನಿಂದಾದ ಖಡ್ಗ’ ಎಂಬ ವಿಚಾರ ಯಾರ ಸ್ವತ್ತೂ ಅಲ್ಲ. ಟ್ರೇಡ್‌ಮಾರ್ಕ್ ಕಾನೂನು ಕೇಳುವುದು ಬೇರೆ ಪ್ರಶ್ನೆ: ಈ ವಸ್ತು ಆ ಸಂಸ್ಥೆಯಿಂದಲೇ ಬಂದುದೆಂದು ಕೊಳ್ಳುವವನು ಮೋಸಹೋಗುತ್ತಾನೆಯೇ? 1980ರ ದಶಕದಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಅವರ ಕ್ಷಿಪಣಿ ರಕ್ಷಣಾ ಯೋಜನೆಯನ್ನು (ಲೇಸರುಗಳಿಗೆ ಅದರಲ್ಲಿ ದೊಡ್ಡ ಪಾತ್ರವಿತ್ತು) ಜನ ‘ಸ್ಟಾರ್ ವಾರ್ಸ್’ ಎಂದು ಕರೆಯತೊಡಗಿದಾಗ, ದೂರದರ್ಶನದ ಪ್ರಚಾರದಲ್ಲಿ ಆ ಪದ ಬಳಸಿದವರ ವಿರುದ್ಧ ಇದೇ ಸಂಸ್ಥೆ ದಾವೆ ಹೂಡಿತ್ತು. ಪದವನ್ನು ಸಾರ್ವಜನಿಕ ಚರ್ಚೆಯಲ್ಲಿ ಬಳಸುವುದು ವ್ಯಾಪಾರವಲ್ಲ ಎಂದು ನ್ಯಾಯಾಲಯ 1985ರಲ್ಲಿ ಅದನ್ನು ತಳ್ಳಿಹಾಕಿತು. ಅದೇ ಚಿತ್ರದ ಸೈನಿಕರ ಬಿಳಿ ಶಿರಸ್ತ್ರಾಣಗಳ ಪ್ರಕರಣ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಶಿರಸ್ತ್ರಾಣ ಶಿಲ್ಪಕೃತಿಯಲ್ಲ, ಚಿತ್ರ ತಯಾರಿಕೆಯಲ್ಲಿ ಉಪಯೋಗಕ್ಕಾಗಿ ಮಾಡಿದ ವಸ್ತು. ಆದ್ದರಿಂದ ಶಿಲ್ಪಕ್ಕೆ ಸಿಗುವ ದೀರ್ಘಕಾಲದ ಕೃತಿಸ್ವಾಮ್ಯ ಬ್ರಿಟನ್ನಿನಲ್ಲಿ ಅದಕ್ಕಿಲ್ಲ ಎಂದು 2011ರಲ್ಲಿ ತೀರ್ಪಾಯಿತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲೂ ಇದಕ್ಕೆ ಹತ್ತಿರದ ನಿಯಮವಿದೆ. ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ಆಕಾರವನ್ನು, ಒಡೆಯರೇ ಆಗಲಿ ಅವರ ಅನುಮತಿಯಿಂದ ಬೇರೆಯವರೇ ಆಗಲಿ, ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಆ ವಿನ್ಯಾಸದ ಕೃತಿಸ್ವಾಮ್ಯ ಅಲ್ಲಿಗೆ ಮುಗಿಯುತ್ತದೆ.

ಇನ್ನು ದೂಲದ ವಿಷಯ. ಚಿತ್ರದ ಖಡ್ಗದ ಅಲಗು ಸುಮಾರು ಒಂದು ಮೀಟರ್ ಉದ್ದಕ್ಕೆ ನಿಲ್ಲುತ್ತದೆ. ನಿಜವಾದ ಬೆಳಕು ಎದುರಿಗೆ ಏನೂ ಸಿಗದಿದ್ದರೆ ಎಲ್ಲಿಯೂ ನಿಲ್ಲುವುದಿಲ್ಲ. ಎರಡು ಖಡ್ಗಗಳು ಖಣ್ ಎಂದು ತಾಗುತ್ತವೆ. ಎರಡು ಬೆಳಕಿನ ದೂಲಗಳು ಒಂದರೊಳಗೊಂದು ಹಾಯ್ದು ತಮ್ಮ ಪಾಡಿಗೆ ಮುಂದೆ ಹೋಗುತ್ತವೆ. ಪಕ್ಕದಲ್ಲಿ ನಿಂತವರಿಗೆ ದೂಲ ಕಾಣಬೇಕಾದರೆ ಅದರ ಅಲ್ಪಾಂಶವನ್ನು ಗಾಳಿಯ ಅಣುಗಳೋ ಧೂಳೋ ಚದುರಿಸಬೇಕು. ಅಣುಗಳಿಂದಾಗುವ ಚದುರಿಕೆ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುವುದರಿಂದ, 650 ನ್ಯಾನೊಮೀಟರಿನ ಕೆಂಪಿಗಿಂತ 445ರ ನೀಲಿ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚು ಚದುರುತ್ತದೆ. ಆರ್ಕ್‌ಟಿಕ್‌ನ ನೀಲಿ ಗೆರೆ ರಾತ್ರಿ ಎದ್ದುಕಾಣಲು ಇದೂ ಒಂದು ಕಾರಣ.

ಉಕ್ಕಿನ ಬಾಗಿಲು ಕರಗಿಸುವ ಮಾತಂತೂ ಬಲು ದೂರ. ಒಂದು ಘನ ಸೆಂಟಿಮೀಟರ್ ಉಕ್ಕಿನ ರಾಶಿ 7.8 ಗ್ರಾಂ. ಅದನ್ನು ಸುಮಾರು 1500 ಡಿಗ್ರಿಗೆ ಕಾಯಿಸಿ ಕರಗಿಸಲು ಗುಪ್ತೋಷ್ಣವೂ ಸೇರಿ ಹೆಚ್ಚುಕಡಿಮೆ 10,000 ಜೂಲ್ ಬೇಕು. ಒಂದಿಷ್ಟೂ ಶಾಖ ಸೋರದೆ ಉಳಿದರೂ 1 ವ್ಯಾಟಿನ ಲೇಸರಿಗೆ ಈ ಕೆಲಸಕ್ಕೆ 10,000 ಸೆಕೆಂಡು, ಅಂದರೆ ಎರಡೂ ಮುಕ್ಕಾಲು ಗಂಟೆ. ನಿಜದಲ್ಲಿ ಶಾಖ ಸೋರುವುದರಿಂದ ಎಂದೆಂದಿಗೂ ಕರಗದು. ಕಪ್ಪು ಕಾಗದ ಅಥವಾ ಬೆಂಕಿಕಡ್ಡಿಯ ತುದಿಯ ಕತೆ ಬೇರೆ. ಅವು ಬೆಳಕನ್ನು ಚೆನ್ನಾಗಿ ಹೀರುತ್ತವೆ, ಶಾಖವನ್ನು ನಿಧಾನವಾಗಿ ಸಾಗಿಸುತ್ತವೆ. ಹಾಗಾಗಿ ದೂಲ ಬಿದ್ದ ಚುಕ್ಕೆಯಷ್ಟೇ ಕಾದು ಹೊತ್ತಿಕೊಳ್ಳುತ್ತದೆ.

ಖಡ್ಗವಾಗಿ ಇದು ಸೋತಿತು. ಆದರೆ ಕಣ್ಣಿನ ಮಟ್ಟಿಗೆ ಖಡ್ಗಕ್ಕಿಂತ ಕೆಟ್ಟದ್ದು, ಏಕೆಂದರೆ ಖಡ್ಗಕ್ಕೆ ಒಂದು ಮೀಟರಿನಾಚೆ ಕೈ ಚಾಚಲಾಗದು. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆಯ ವ್ಯಾಸ 7 ಮಿಲಿಮೀಟರಿನವರೆಗೆ ಹಿಗ್ಗುತ್ತದೆ. ಅದರ ಮೂಲಕ ಒಳಹೊಕ್ಕ ಸಮಾಂತರ ದೂಲವನ್ನು ಕಣ್ಣಿನ ಮಸೂರ ಅಕ್ಷಿಪಟಲದ ಮೇಲೆ ಸುಮಾರು 20 ಮೈಕ್ರೊಮೀಟರ್ ಅಗಲದ ಚುಕ್ಕೆಗೆ ಕೂಡಿಸುತ್ತದೆ. ವ್ಯಾಸಗಳ ಅನುಪಾತ 350, ಕ್ಷೇತ್ರಫಲಗಳ ಅನುಪಾತ ಅದರ ವರ್ಗ. ಎಂದರೆ ಬೆಳಕಿನ ತೀವ್ರತೆ ಕಣ್ಣಿನೊಳಗೆ ಒಂದು ಲಕ್ಷ ಪಟ್ಟಿಗೂ ಮಿಕ್ಕಿ ಏರುತ್ತದೆ. ಗ್ರಹಣದ ದಿನ ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡಿ ಎಂದು ಮಕ್ಕಳಿಗೆ ನಾವು ಹೇಳುತ್ತೇವಲ್ಲ, ಆ ಸೂರ್ಯನ ಬಿಂಬಕ್ಕೆ ಹೋಲಿಸಿದರೂ 1 ವ್ಯಾಟ್ ಲೇಸರಿನ ಚುಕ್ಕೆಯ ತೀವ್ರತೆ ಸಾವಿರಾರು ಪಟ್ಟು ಹೆಚ್ಚು.

ಬೆಳಕು ಕಣ್ಣಿಗೆ ಬಿದ್ದಾಗ ರೆಪ್ಪೆ ಮುಚ್ಚಿಕೊಳ್ಳಲು ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತು ಕಣ್ಣು ತಾಳಬಲ್ಲ ತೀವ್ರತೆಯ ಮಿತಿಯೆಂದು ಸುರಕ್ಷಾ ಮಾನಕಗಳು ಇಟ್ಟುಕೊಂಡಿರುವುದು ಚದರ ಸೆಂಟಿಮೀಟರಿಗೆ 2.5 ಮಿಲಿವ್ಯಾಟ್. ಈಗ ಒಂದು ಲೆಕ್ಕ ಮಾಡಿ. ದೂಲದ ಹರವು 1.5 ಮಿಲಿರೇಡಿಯನ್ ಎಂದಿಟ್ಟುಕೊಳ್ಳಿ. 150 ಮೀಟರ್ ದೂರದಲ್ಲಿ ಅದರ ವ್ಯಾಸ 22.5 ಸೆಂಟಿಮೀಟರ್, ಕ್ಷೇತ್ರಫಲ ಸುಮಾರು 400 ಚದರ ಸೆಂಟಿಮೀಟರ್. 1000 ಮಿಲಿವ್ಯಾಟನ್ನು 400ರಿಂದ ಭಾಗಿಸಿದರೆ ಸರಿಯಾಗಿ 2.5! ಶಾಲೆಯ ಆಟದ ಮೈದಾನದ ಉದ್ದವನ್ನು ನೆನೆಯಿರಿ. ಅದರ ಈ ತುದಿಯಿಂದ ಬೆಳಗಿದರೆ ಆ ತುದಿಯಲ್ಲಿರುವ ಕಣ್ಣೂ ಅಪಾಯದ ಗಡಿಯೊಳಗೇ ಇರುತ್ತದೆ. ಹತ್ತಿರದಲ್ಲಿದ್ದರೆ ರೆಪ್ಪೆ ಮುಚ್ಚುವ ಮುನ್ನವೇ ಹಾನಿ ಆಗಿಹೋಗಿರುತ್ತದೆ, ಮತ್ತು ಸುಟ್ಟ ಅಕ್ಷಿಪಟಲ ಮತ್ತೆ ಬೆಳೆಯುವುದಿಲ್ಲ.

ನೀಲಿಯಲ್ಲಿ ಇನ್ನೊಂದು ಮೋಸವಿದೆ. ಹಗಲಿನ ಬೆಳಕಿಗೆ ಹೊಂದಿಕೊಂಡ ಕಣ್ಣು ಹೆಚ್ಚು ಸ್ಪಂದಿಸುವುದು 555 ನ್ಯಾನೊಮೀಟರಿನ ಹಸಿರಿಗೆ. 445ರ ನೀಲಿಗೆ ಅದರ ಸ್ಪಂದನೆ ಇದರ ನೂರರಲ್ಲಿ ಮೂರು ಪಾಲಷ್ಟೆ. ಮಾರುಕಟ್ಟೆಯ ಹಸಿರು ಪಾಯಿಂಟರಿನ 532ಕ್ಕೆ ನೂರರಲ್ಲಿ 88. ಆದ್ದರಿಂದ 1 ವ್ಯಾಟ್ ನೀಲಿ ನಮಗೆ 34 ಮಿಲಿವ್ಯಾಟ್ ಹಸಿರಿನಷ್ಟೇ ಪ್ರಖರವಾಗಿ ಕಾಣುತ್ತದೆ. ಕಣ್ಣಿಗೆ ಕಾಣುವುದು ಕಡಿಮೆಯಾದರೂ ಅಕ್ಷಿಪಟಲಕ್ಕೆ ತಲುಪುವ ಜೂಲುಗಳು ಕಡಿಮೆಯಾಗುವುದಿಲ್ಲ. ಹೊಳಪು ನೋಡಿ ಅಪಾಯ ಅಳೆಯುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಇಷ್ಟು ಶಕ್ತಿಶಾಲಿ ಡಯೋಡು ಸಾಮಾನ್ಯರ ಕೈಗೆಟುಕಿದ್ದು ಹೇಗೆ? ಆ ವರ್ಷ ಕ್ಯಾಸಿಯೊ ಕಂಪನಿ ದೀಪದ ಬದಲು ನೀಲಿ ಲೇಸರ್ ಡಯೋಡುಗಳಿರುವ ಪ್ರೊಜೆಕ್ಟರುಗಳನ್ನು ಮಾರುಕಟ್ಟೆಗೆ ತಂದಿತ್ತು. ಪ್ರೊಜೆಕ್ಟರಿನ ಪೆಟ್ಟಿಗೆಯೊಳಗೆ ಆ ದೂಲ ಫಾಸ್ಫರಿಗೆ ಬಡಿದು, ಹರಡಿ, ನಿರಪಾಯವಾಗಿ ಹೊರಬರುತ್ತದೆ. ಹವ್ಯಾಸಿಗಳು ಪೆಟ್ಟಿಗೆ ಬಿಚ್ಚಿ ಡಯೋಡುಗಳನ್ನು ಕಿತ್ತುಕೊಂಡರು. ಅದೇ ಡಯೋಡಿನ ಮುಂದೆ ಒಂದು ಮಸೂರವಿಟ್ಟು ದೂಲವನ್ನು ಸಮಾಂತರಗೊಳಿಸಿದರೆ ಆರ್ಕ್‌ಟಿಕ್ ಸಿದ್ಧ.

ಅಂತರರಾಷ್ಟ್ರೀಯ ಮಾನಕದ ಪ್ರಕಾರ ಕಾಣುವ ಬೆಳಕಿನ ಲೇಸರುಗಳಲ್ಲಿ 1 ಮಿಲಿವ್ಯಾಟ್‌ವರೆಗಿನವು 2ನೆಯ ವರ್ಗ, 5ರವರೆಗೆ 3ಆರ್, 500ರವರೆಗೆ 3ಬಿ, ಅದಕ್ಕೂ ಮೇಲ್ಪಟ್ಟವು 4ನೆಯ ವರ್ಗ. ಆರ್ಕ್‌ಟಿಕ್ ಕೊನೆಯದಕ್ಕೆ ಸೇರುತ್ತದೆ; ಗೋಡೆಯ ಮೇಲೆ ಬಿದ್ದ ಅದರ ಚುಕ್ಕೆಯನ್ನು ಹತ್ತಿರದಿಂದ ದಿಟ್ಟಿಸುವುದೂ ಅಪಾಯ. ಆಕಾರವನ್ನು ಕಾಯುವ ಕಾನೂನಿಗೆ ಈ ವರ್ಗಗಳ ಗೊಡವೆಯಿಲ್ಲ. ಹಿಡಿಯನ್ನು ಚೌಕಾಕಾರ ಮಾಡಿದ್ದರೆ ವಕೀಲರ ಆಕ್ಷೇಪಣೆಗೆ ಉತ್ತರ ಸಿಗುತ್ತಿತ್ತು, ದೂಲ ಮಾತ್ರ ಹಾಗೆಯೇ ಇರುತ್ತಿತ್ತು. ಸಾಮಾನ್ಯ ಪಾಯಿಂಟರುಗಳ ಸ್ಥಿತಿಯೂ ಹೇಳಿಕೊಳ್ಳುವಂತಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 122 ಪಾಯಿಂಟರುಗಳನ್ನು ಅಳೆದು 2013ರಲ್ಲಿ ಫಲಿತಾಂಶ ಪ್ರಕಟಿಸಿತು: ಹಸಿರಿನವುಗಳಲ್ಲಿ ಶೇಕಡ 90ರಷ್ಟು, ಕೆಂಪಿನವುಗಳಲ್ಲಿ ಶೇಕಡ 44ರಷ್ಟು ಅಲ್ಲಿನ ಸುರಕ್ಷಾ ನಿಯಮಕ್ಕೆ ಹೊಂದುತ್ತಿರಲಿಲ್ಲ. ಮೇಲಿನ ಚೀಟಿಯಲ್ಲಿ ಅಚ್ಚಾದ ಅಂಕಿಯನ್ನು ನಂಬುವಂತಿಲ್ಲ ಎಂದಾಯಿತು.

ತರಗತಿಯಲ್ಲಿ ಲೇಸರ್ ಬೇಡವೆನ್ನುತ್ತಿಲ್ಲ. ವಿವರ್ತನೆ ತೋರಿಸಲು ಹೆಸರಾಂತ ತಯಾರಕರ, 1 ಮಿಲಿವ್ಯಾಟ್ ಮೀರದ ಕೆಂಪು ಪಾಯಿಂಟರು ಧಾರಾಳವಾಗಿ ಸಾಕು. ಅದನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿಗೆ ಬಿಗಿಯಿರಿ. ಕುಳಿತ ಮತ್ತು ನಿಂತ ವಿದ್ಯಾರ್ಥಿಗಳಿಬ್ಬರ ಕಣ್ಣಿನ ಮಟ್ಟದಿಂದಲೂ ದೂಲ ಕೆಳಗಿರಲಿ. ಮೇಜಿನ ಮೇಲಿನ ಸ್ಟೀಲ್ ಅಳತೆಪಟ್ಟಿ, ಕೈಗಡಿಯಾರಗಳನ್ನು ತೆಗೆದಿಡಿ. ಆಮೇಲೆ ಹಳೆಯ ಸಿ.ಡಿ.ಯೊಂದರ ಮೇಲೆ ದೂಲವನ್ನು ಲಂಬವಾಗಿ ಬೀಳಿಸಿ, ಪ್ರತಿಫಲಿತ ಚುಕ್ಕೆಗಳನ್ನು ಬಿಳಿ ರಟ್ಟಿನ ಮೇಲೆ ಹಿಡಿಯಿರಿ. ಸಿ.ಡಿ.ಯ ಸಾಲುಗಳ ನಡುವಣ ಅಂತರ 1.6 ಮೈಕ್ರೊಮೀಟರ್. ತರಂಗದೂರ 650 ನ್ಯಾನೊಮೀಟರಾದರೆ ಮೊದಲ ಚುಕ್ಕೆ ಸುಮಾರು 24 ಡಿಗ್ರಿ ಕೋನದಲ್ಲಿ ಕಾಣಬೇಕು. ಅದೇ ಸೂತ್ರದಿಂದ 445ರ ನೀಲಿಯ ಚುಕ್ಕೆ ಎಲ್ಲಿ ಬೀಳುತ್ತದೆಂಬುದನ್ನು ವಿದ್ಯಾರ್ಥಿಗಳು ಕಾಗದದ ಮೇಲೆಯೇ ಲೆಕ್ಕಹಾಕಲಿ. ಉತ್ತರ 16 ಡಿಗ್ರಿ.