ಊರಿನ ಹೆಸರಿಗೆ ‘ಕ್ಯಾಂಪ್’ ಅಂಟಿದ್ದು ಹೇಗೆ?

ಪ್ರಶ್ನೆ: ಗಂಗಾವತಿ, ಸಿಂಧನೂರು ಕಡೆ ಎಷ್ಟೋ ಊರುಗಳ ಹೆಸರಿನ ಕೊನೆಗೆ ‘ಕ್ಯಾಂಪ್’ ಎಂದಿರುತ್ತದಲ್ಲ, ಏಕೆ?

ಉತ್ತರ: ಅವುಗಳಲ್ಲಿ ಹೆಚ್ಚಿನವು ಆಂಧ್ರದಿಂದ ಸಂಸಾರ ಸಮೇತ ಬಂದ ರೈತರು ಕಟ್ಟಿಕೊಂಡ ಊರುಗಳು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಮುಗಿದು ಎಡದಂಡೆ ಕಾಲುವೆಗೆ ನೀರು ಬಂತು. ಮಳೆ ನಂಬಿ ಜೋಳ, ಹತ್ತಿ ಬೆಳೆಯುತ್ತಿದ್ದ ಇಲ್ಲಿನವರಿಗೆ ಎರೆಹೊಲವನ್ನು ಮಟ್ಟ ಮಾಡಿ ಗದ್ದೆಯಾಗಿಸಲು ಕೈಯಲ್ಲಿ ದುಡ್ಡಿರಲಿಲ್ಲ. ಆಂಧ್ರದ ಕೃಷ್ಣಾ, ಗೋದಾವರಿ ಬಯಲಿನವರಿಗೆ ಭತ್ತ ಕರಗತ. ಅಲ್ಲಿ ಒಂದೆರಡು ಎಕರೆ ಮಾರಿದರೆ ಇಲ್ಲಿ ಅದರ ಹಲವು ಪಟ್ಟು ನೆಲ ಸಿಗುತ್ತಿತ್ತು. ಬಂದವರು ಊರೊಳಗೆ ಮನೆ ಹುಡುಕದೆ ಹೊಲದ ಬದಿಯಲ್ಲೇ ಗುಡಿಸಲು ಹಾಕಿದರು. ಹಗಲೆಲ್ಲ ಬದು ಕಟ್ಟುವುದು, ರಾತ್ರಿ ಕಂದೀಲು ಹಿಡಿದು ಮಡಿಗೆ ನೀರು ತಿರುವುವುದು. ಆ ಬಿಡಾರಗಳೇ ಕ್ಯಾಂಪುಗಳು. ಗುಡಿಸಲು ಹೋಗಿ ತಾರಸಿ ಬಂದರೂ ಹೆಸರು ಉಳಿಯಿತು. (ಸಿಂಧನೂರಿನ ಬಂಗಾಳಿ ಕ್ಯಾಂಪುಗಳ ಕಥೆ ಬೇರೆ, ಅವು ಸರ್ಕಾರ ನಿರಾಶ್ರಿತರಿಗೆ ಕೊಟ್ಟ ನೆಲೆ.)

ಆಂಧ್ರದಿಂದ ಬಂದವರ ದುಡಿಮೆ ದೊಡ್ಡದು, ಗಂಗಾವತಿ ಭತ್ತದ ಕಣಜವಾದದ್ದು ಅದರಿಂದಲೂ ಹೌದು. ಆದರೆ ಮೇಲ್ಭಾಗದಲ್ಲಿ ಭತ್ತಕ್ಕೇ ನೀರು ಹರಿದು, ಕಾಲುವೆಯ ಕೊನೆಯ ಮಾನ್ವಿ, ರಾಯಚೂರಿನ ಹೊಲಗಳು ಇಂದಿಗೂ ಬಾಯಾರುತ್ತಿವೆ. ಅಗ್ಗಕ್ಕೆ ಹೊಲ ಮಾರಿದ ಎಷ್ಟೋ ಮಂದಿ ಆಮೇಲೆ ಅದೇ ನೆಲದಲ್ಲಿ ಕೂಲಿಗೆ ನಿಂತರು.