ಕರುವಿಗೆ ಗಿಣ್ಣ ಕುಡಿಸುವ ಮನೆಯಲ್ಲಿ ಮಗುವಿಗೆ ಯಾವ ಹಾಲು?



ಈ ಪತ್ರಿಕೆಯಲ್ಲಿ ಪ್ರತಿ ತಿಂಗಳೂ ಹಸು, ಎಮ್ಮೆ, ಕರುಗಳ ಮಾತೇ ಇರುತ್ತದೆ. ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹ. ಹಾಗಾಗಿ ಈ ಸಲ ಕೊಟ್ಟಿಗೆಯಿಂದ ನಡುಮನೆಗೆ ಬರೋಣ. ಸಂಘಗಳಿಗೆ ಭೇಟಿ ಕೊಟ್ಟಾಗ, ಕೃತಕ ಗರ್ಭಧಾರಣೆ, ಖನಿಜ ಮಿಶ್ರಣದ ಮಾತೆಲ್ಲ ಮುಗಿದ ಮೇಲೆ, ಯಾರಾದರೂ ಅಜ್ಜಿಯೋ ಅತ್ತೆಯೋ ಮೆಲ್ಲಗೆ ಕೇಳುವುದುಂಟು: "ಸಾರ್, ನಮ್ಮ ಸೊಸೆಗೆ ಹಾಲು ಸಾಲುತ್ತಿಲ್ಲ. ಮನೆಯಲ್ಲಿ ಹಸು ಇದೆ, ಅಂಗಡಿಯಲ್ಲಿ ಡಬ್ಬ ಇದೆ. ಮಗುವಿಗೆ ಯಾವುದು ಕೊಡೋಣ?" ಈ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಹೇಳಿದರೆ ಸಾಲದು. ಆದರೆ ಇದನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಅರ್ಧ ತಿಳಿವಳಿಕೆ ನಿಮ್ಮಲ್ಲಿ ಆಗಲೇ ಇದೆ. ಹಸು ಕಟ್ಟಿದವರಿಗೆ ಹಾಲಿನ ವಿಚಾರ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಹಸು ಕರು ಹಾಕಿದ ಕೂಡಲೇ ನೀವು ಏನು ಮಾಡುತ್ತೀರಿ? ಕಸ ಬೀಳುವವರೆಗೆ ಕಾಯದೆ, ಕೆಚ್ಚಲು ತೊಳೆದು, ಒಂದೆರಡು ಗಂಟೆಯೊಳಗೆ ಕರುವಿಗೆ ಗಿಣ್ಣದ ಹಾಲು ಕುಡಿಸುತ್ತೀರಿ. ಮೂವತ್ತು ಕೆ.ಜಿ. ತೂಗುವ ಕರುವಾದರೆ ಮೊದಲ ದಿನ ಮೂರು ಲೀಟರಿನಷ್ಟು. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೆಂದೇ ಹೇಳಬೇಕು. ಅದು ಬರುವುದು ಗಿಣ್ಣದಿಂದ. ಒಂದು ದಿನ ಕಳೆದರೆ ಕರುಳು ಆ ಶಕ್ತಿಯನ್ನು ಒಳಗೆ ಬಿಟ್ಟುಕೊಳ್ಳುವುದನ್ನೇ ನಿಲ್ಲಿಸುತ್ತದೆ. ಇದನ್ನು ನಮ್ಮ ಪಶುವೈದ್ಯರು ಹೇಳಿ ಹೇಳಿ ನಿಮಗೆ ಬಾಯಿಪಾಠ ಆಗಿದೆ.

ಅದೇ ಮನೆಯಲ್ಲಿ ಮಗು ಹುಟ್ಟಿದರೆ? ಮೊದಲು ಜೇನುತುಪ್ಪ ನೆಕ್ಕಿಸುವವರಿದ್ದಾರೆ, ಸಕ್ಕರೆ ನೀರು ಹಾಕುವವರಿದ್ದಾರೆ, ಬಜೆ ತೇಯ್ದು ನಾಲಿಗೆಗೆ ಸವರುವವರಿದ್ದಾರೆ. ತಾಯಿಯ ಮೊದಲ ಹಾಲು ಹಳದಿಯಾಗಿದೆ, ಅಂಟಾಗಿದೆ, ಕೆಟ್ಟಿದೆ ಎಂದು ಹಿಂಡಿ ಚೆಲ್ಲುವವರೂ ಇದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಸಿಕ್ಕ ಮಕ್ಕಳು ನೂರಕ್ಕೆ 42ರಷ್ಟು ಮಾತ್ರ. ಹೆರಿಗೆಗಳು ಬಹುಪಾಲು ಆಸ್ಪತ್ರೆಯಲ್ಲೇ ಆಗುತ್ತಿರುವ ಕಾಲದ ಲೆಕ್ಕ ಇದು. ಕರುವಿನ ವಿಷಯದಲ್ಲಿ ಇಷ್ಟು ಸಡಿಲ ಬಿಟ್ಟರೆ ನಮ್ಮ ಕೊಟ್ಟಿಗೆಗಳಲ್ಲಿ ಕರುಗಳು ಉಳಿಯುತ್ತಿರಲಿಲ್ಲ.

ಮನುಷ್ಯರ ಮಗು ಕರುವಿನಷ್ಟು ಬರಿಗೈಯಲ್ಲಿ ಹುಟ್ಟುವುದಿಲ್ಲ ಎಂಬುದನ್ನೂ ಹೇಳಬೇಕು. ಹೊಟ್ಟೆಯಲ್ಲಿದ್ದಾಗಲೇ ತಾಯಿಯ ರಕ್ತದಿಂದ ಸ್ವಲ್ಪ ರೋಗನಿರೋಧಕ ಶಕ್ತಿ ಅದಕ್ಕೆ ಸಿಕ್ಕಿರುತ್ತದೆ. ಆದರೆ ಕರುಳನ್ನು, ಗಂಟಲನ್ನು ಕಾಯುವ ಅಂಶ ಬರುವುದು ಆ ಹಳದಿ ಹಾಲಿನಿಂದಲೇ. ಜೇನುತುಪ್ಪವಂತೂ ಒಂದು ವರ್ಷದವರೆಗೆ ಬೇಡವೇ ಬೇಡ. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷವಾಗುತ್ತದೆ.

ಈಗ "ಹಾಲೇ ಬಂದಿಲ್ಲ" ಎಂಬ ಮಾತಿಗೆ ಬರೋಣ. ಡಬ್ಬ ಮನೆಗೆ ಕಾಲಿಡುವುದು ಬಹುಮಟ್ಟಿಗೆ ಈ ಮಾತಿನ ಹಿಂದೆಯೇ. ಮೊದಲ ಎರಡು ದಿನ ತಾಯಿಯಿಂದ ಬರುವುದು ಚಮಚಗಳ ಲೆಕ್ಕದಲ್ಲಿ. ಮಗುವಿನ ಹೊಟ್ಟೆಯೂ ಅಷ್ಟೇ ಚಿಕ್ಕದು. ಮೂರನೇ ದಿನದ ಸುಮಾರಿಗೆ ಹಾಲು ತುಂಬಿ ಬರುತ್ತದೆ, ಸಿಸೇರಿಯನ್ ಆಗಿದ್ದರೆ ಇನ್ನೂ ಸ್ವಲ್ಪ ತಡ. ಈ ನಡುವೆ ಮಗುವಿನ ತೂಕ ತುಸು ಇಳಿಯುವುದು ಸಹಜ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿದರೆ ಮಾತ್ರ ವೈದ್ಯರಿಗೆ ತೋರಿಸಬೇಕು. ಎರಡು ವಾರದೊಳಗೆ ಹುಟ್ಟಿದ ತೂಕ ಮತ್ತೆ ಬರಬೇಕು. ಆ ಎರಡು ದಿನ ಮನೆಯವರು ತಾಳ್ಮೆ ಕಳೆದುಕೊಂಡು ಡಬ್ಬ ತಂದರೆ ಮುಂದೆ ನಡೆಯುವುದೇನೆಂದು ನಿಮಗೆ ಗೊತ್ತು. ಏಳು ತಿಂಗಳ ಗಬ್ಬದ ಹಸುವಿನ ಹಾಲನ್ನು ನೀವು ಹೇಗೆ ಬತ್ತಿಸುತ್ತೀರಿ? ಕರೆಯುವುದನ್ನು ಕಡಿಮೆ ಮಾಡಿ. ಕೆಚ್ಚಲಲ್ಲಿ ಹಾಲು ಉಳಿದರೆ ಹೊಸ ಹಾಲು ಹುಟ್ಟುವುದು ನಿಲ್ಲುತ್ತದೆ. ತಾಯಿಯ ಎದೆಯೂ ಇದೇ ನಿಯಮದಲ್ಲಿ ನಡೆಯುತ್ತದೆ. ಡಬ್ಬದ ಹಾಲಿನಿಂದ ಹೊಟ್ಟೆ ತುಂಬಿದ ಮಗು ಎದೆ ಕಡಿಮೆ ಚೀಪುತ್ತದೆ, ಚೀಪುವುದು ಕಡಿಮೆಯಾದಂತೆ ಹಾಲು ಕಡಿಮೆಯಾಗುತ್ತದೆ, ಹಾಲು ಕಡಿಮೆಯಾಯಿತೆಂದು ಇನ್ನೊಂದು ಬಾಟಲಿ. ಹದಿನೈದು ದಿನದಲ್ಲಿ "ಸೊಸೆಗೆ ಹಾಲಿಲ್ಲ" ಎಂಬ ಮಾತು ನಿಜವೇ ಆಗಿಬಿಡುತ್ತದೆ.

ಹೋಲಿಕೆಗೆ ಅಕ್ಕ ತಂಗಿಯರು ಬೇಸರಿಸಬಾರದು. ಇನ್ನೆರಡು ಸಂಗತಿ ಇದೇ ದಾರಿಯಲ್ಲಿ ಹೇಳಿಬಿಡುತ್ತೇನೆ. ಹೊಸ ಆಳು ಬಂದು ಕೂತರೆ, ನಾಯಿ ಬೊಗಳಿದರೆ, ಗದರಿದರೆ ಹಸು ಹಾಲು ಇಳಿಸುವುದಿಲ್ಲ. ಹಾಲು ಇಳಿಸುವ ಹಾರ್ಮೋನಿನ ಹೆಸರು ಆಕ್ಸಿಟೋಸಿನ್. ಹಸುವಿಗೆ ಚುಚ್ಚಬೇಡಿ ಎಂದು ಒಕ್ಕೂಟ ಹೇಳುತ್ತಲೇ ಬಂದಿರುವುದು ಇದನ್ನೇ. ತಾಯಿಯ ದೇಹದಲ್ಲೂ ಇದು ತಾನಾಗಿ ಹುಟ್ಟುತ್ತದೆ, ಭಯ, ನೋವು, ಅವಮಾನ ಇದ್ದರೆ ತಡೆಯುತ್ತದೆ. "ನಿನಗೆ ಹಾಲಿಲ್ಲ" ಎಂದು ದಿನಕ್ಕೆ ನಾಲ್ಕು ಸಲ ಹೇಳುವ ಮನೆಯಲ್ಲಿ ಹಾಲು ಹೇಗೆ ಇಳಿದೀತು? ಎರಡನೆಯದು, ಕರೆಯುವಾಗ ಕೊನೆಯ ಹಾಲಿನಲ್ಲಿ ಜಿಡ್ಡು ಹೆಚ್ಚು. ತಾಯಿಯಲ್ಲೂ ಹಾಗೆಯೇ. ಆದ್ದರಿಂದ ಒಂದು ಬದಿ ಪೂರ್ತಿ ಕುಡಿದು ಮಗು ತಾನಾಗಿ ಬಿಟ್ಟ ಮೇಲೆ ಇನ್ನೊಂದು ಬದಿ ಕೊಡಬೇಕು.

ಒಂದು ಕಡೆ ಮಾತ್ರ ಹೋಲಿಕೆ ತಪ್ಪುತ್ತದೆ. ಕೆಚ್ಚಲು ಬಾವು ಬಂದ ಹಸುವಿನ ಹಾಲನ್ನು ನೀವು ಸಂಘಕ್ಕೆ ಹಾಕುವುದಿಲ್ಲ, ಹಾಕಲೂ ಬಾರದು. ತಾಯಿಯ ಎದೆ ಕಟ್ಟಿ ಬಾವು ಬಂದರೆ ಮಗುವಿಗೆ ಕುಡಿಸುವುದನ್ನು ನಿಲ್ಲಿಸಬಾರದು. ಹಾಲು ಖಾಲಿಯಾದಷ್ಟೂ ಬಾವು ಬೇಗ ಇಳಿಯುತ್ತದೆ. ಜ್ವರ ಬಂದರೆ ವೈದ್ಯರನ್ನು ಕಾಣಬೇಕು.

ಹಸು ಮನೆಯಲ್ಲೇ ಇರುವಾಗ ಅದರ ಹಾಲನ್ನೇ ಯಾಕೆ ಕೊಡಬಾರದು? ಸಂಘದಲ್ಲಿ ನಿಮ್ಮ ಹಾಲನ್ನು ಜಿಡ್ಡು ಮತ್ತು ಜಿಡ್ಡೇತರ ಘನಾಂಶದ ಲೆಕ್ಕದಲ್ಲಿ ಅಳೆಯುತ್ತೇವೆ. ತಾಯಿಯ ಹಾಲನ್ನು ಹಾಗೆ ಅಳೆದು ನೋಡಿ. ಜಿಡ್ಡು ಹಸುವಿನ ಹಾಲಿನಷ್ಟೇ, ನೂರಕ್ಕೆ ಮೂರೂವರೆಯಿಂದ ನಾಲ್ಕು. ಆದರೆ ಪ್ರೋಟೀನು ಸುಮಾರು 1 ಮಾತ್ರ. ಹಸುವಿನದರಲ್ಲಿ 3ಕ್ಕಿಂತ ಹೆಚ್ಚು, ಎಮ್ಮೆಯದರಲ್ಲಿ 4ರ ಹತ್ತಿರ. ಲವಣಾಂಶ ಹಸುವಿನ ಹಾಲಿನಲ್ಲಿ ಮೂರು ಪಟ್ಟಿಗೂ ಹೆಚ್ಚು. ಹಾಲಿನ ಸಕ್ಕರೆ ಮಾತ್ರ ತಾಯಿಯ ಹಾಲಿನಲ್ಲಿ ಜಾಸ್ತಿ, ಸುಮಾರು 7. ಕರು ಒಂದೂವರೆ ತಿಂಗಳ ಸುಮಾರಿಗೆ ಹುಟ್ಟಿದ ತೂಕದ ಎರಡು ಪಟ್ಟು ಆಗಬೇಕು, ಅದಕ್ಕೆ ಅಷ್ಟು ಪ್ರೋಟೀನು ಬೇಕು. ಮಗು ಅದಕ್ಕೆ ಐದು ತಿಂಗಳು ತೆಗೆದುಕೊಳ್ಳುತ್ತದೆ. ಕರುವಿಗೆಂದು ಹುಟ್ಟಿದ ಹಾಲನ್ನು ತಿಂಗಳ ಮಗುವಿಗೆ ಹಾಕಿದರೆ ಅದರ ಎಳೆಯ ಮೂತ್ರಪಿಂಡಕ್ಕೆ ಹೊರೆ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ 80ರಷ್ಟು ಕೇಸೀನ್, ಅಂದರೆ ಪನ್ನೀರು ಆಗುವ ಭಾಗ. ಅದು ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆಯುತ್ತದೆ. ಕಬ್ಬಿಣಾಂಶವಂತೂ ತೀರಾ ಕಡಿಮೆ, ಎಳೆಯ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರುವುದೂ ಉಂಟು. ಹಾಲು ಕುಡಿದು ದುಂಡಗೆ ಕಂಡರೂ ರಕ್ತಹೀನತೆಯಿಂದ ಬಿಳಿಚಿಕೊಂಡ ಮಕ್ಕಳು ಆಗುವುದು ಹೀಗೆ. "ಅರ್ಧ ನೀರು ಬೆರೆಸಿ ಕೊಟ್ಟರೆ ಸರಿಹೋಗುತ್ತದೆ" ಎಂಬ ಹಳೆಯ ಉಪಾಯದಲ್ಲಿ ಪ್ರೋಟೀನು ಇಳಿಯುತ್ತದೆ, ಜೊತೆಗೆ ಜಿಡ್ಡೂ ಶಕ್ತಿಯೂ ಇಳಿಯುತ್ತವೆ. ನೀರು ಬೆರೆಸಿದ ಹಾಲನ್ನು ನಾವೇ ವಾಪಸು ಕಳಿಸುತ್ತೇವಲ್ಲ!

ಹಾಗಾದರೆ ಡಬ್ಬದ ಹಾಲು ಏನು? ಅದೂ ಮೂಲದಲ್ಲಿ ನಿಮ್ಮ ನಮ್ಮ ಹಸು ಎಮ್ಮೆಯ ಹಾಲೇ. ಪ್ರೋಟೀನು, ಲವಣ ತಗ್ಗಿಸಿ, ಸಕ್ಕರೆ ಅಂಶ ಸರಿಪಡಿಸಿ, ಸಸ್ಯದ ಎಣ್ಣೆ, ಕಬ್ಬಿಣ, ಜೀವಸತ್ವ ಸೇರಿಸಿ ಮಗುವಿಗೆ ಒಗ್ಗುವಂತೆ ಮಾಡಿದ್ದು. ಇದರಲ್ಲಿ ನಮ್ಮ ರಾಜ್ಯದ ಪಾಲೂ ಇದೆ. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವುದು ಆಗದ ಕೆಲಸ ಎಂದು ಹೊರದೇಶದವರು ಹೇಳುತ್ತಿದ್ದ ಕಾಲದಲ್ಲಿ ಆ ವಿಧಾನ ಕಂಡುಹಿಡಿದು ಕೊಟ್ಟದ್ದು ಮೈಸೂರಿನ ಸಿ.ಎಫ್.ಟಿ.ಆರ್.ಐ. ಅದನ್ನು ಕಾರ್ಖಾನೆಗೆ ತಂದದ್ದು ಆನಂದ್‌ನ ಅಮೂಲ್ ಸಹಕಾರ ಸಂಸ್ಥೆ. ಸಹಕಾರಿಗಳಾದ ನಮಗೆ ಹೆಮ್ಮೆಯ ಸಂಗತಿಯೇ. ಹಾಗೆಂದು ಅದು ತಾಯಿಯ ಹಾಲಿಗೆ ಸಮ ಎಂದು ಯಾರೂ ಹೇಳುವಂತಿಲ್ಲ. ಪುಡಿಯಲ್ಲಿ ರೋಗ ತಡೆಯುವ ಜೀವಂತ ಅಂಶಗಳಿರುವುದಿಲ್ಲ. 1992ರಲ್ಲಿ ಬಂದು 2003ರಲ್ಲಿ ತಿದ್ದುಪಡಿಯಾದ ಕೇಂದ್ರದ ಕಾಯಿದೆ ಶಿಶು ಹಾಲಿನ ಪುಡಿಗೂ ಹಾಲುಣಿಸುವ ಬಾಟಲಿಗೂ ಜಾಹೀರಾತು ಕೊಡುವುದನ್ನೇ ನಿಷೇಧಿಸಿದೆ. ಉಚಿತ ಮಾದರಿ ಹಂಚುವಂತಿಲ್ಲ, ಡಬ್ಬದ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ. ಆಸ್ಪತ್ರೆಯಲ್ಲೋ ಅಂಗಡಿಯಲ್ಲೋ ಯಾರಾದರೂ "ಉಚಿತ, ತೆಗೆದುಕೊಳ್ಳಿ" ಎಂದು ಡಬ್ಬ ಕೊಟ್ಟರೆ ಅದು ಕಾನೂನಿಗೆ ವಿರುದ್ಧ ಎಂದು ತಿಳಿದಿರಿ.

ಆದರೂ ಡಬ್ಬ ನಿಜವಾಗಿ ಬೇಕಾಗುವ ಮನೆಗಳಿವೆ. ತಾಯಿ ತೀರಿಕೊಂಡಿರಬಹುದು, ಕ್ಯಾನ್ಸರ್ ಚಿಕಿತ್ಸೆಯಲ್ಲಿರಬಹುದು, ಮಗುವಿಗೇ ಹಾಲಿನ ಸಕ್ಕರೆ ಅರಗದ ಹುಟ್ಟು ಕಾಯಿಲೆ ಇರಬಹುದು (ಆಗ ಬೇರೆಯೇ ಬಗೆಯ ಪುಡಿ ಬೇಕು). ಎಲ್ಲ ಪ್ರಯತ್ನ ಮಾಡಿಯೂ ಹಾಲು ಸಾಲದ ತಾಯಂದಿರೂ ಇದ್ದಾರೆ, ಕಡಿಮೆ ಇರಬಹುದು, ಆದರೆ ಇದ್ದಾರೆ. ಅವರನ್ನು ದೂರುವುದು ಅನ್ಯಾಯ. ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಬೇರೆ ತಾಯಂದಿರು ಕೊಟ್ಟ ಹಾಲೂ ಸಿಗುತ್ತದೆ. ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ಇಂಥ ಹಾಲಿನ ಬ್ಯಾಂಕು ಶುರುವಾಯಿತು, ಈಗ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಇದೆ.

ವೈದ್ಯರು ಹೇಳಿ ಡಬ್ಬ ತಂದಿರಾದರೆ ಅದನ್ನು ಸರಿಯಾಗಿಯೇ ಕೊಡಿ. ಟೀ ಮಾಡುವ ಹಾಲಿನ ಪುಡಿ ಶಿಶು ಆಹಾರವಲ್ಲ. ಎರಡೂ ಬಿಳಿ ಪುಡಿ ಎಂದು ಮೋಸಹೋಗಬೇಡಿ. ಕೈ ತೊಳೆದು, ಪಾತ್ರೆ ಕುದಿಸಿ, ಕುದಿದ ನೀರು ಇನ್ನೂ ಚೆನ್ನಾಗಿ ಬಿಸಿ ಇರುವಾಗಲೇ (70 ಡಿಗ್ರಿಗಿಂತ ಕಡಿಮೆಯಾಗದಂತೆ) ಪುಡಿ ಕಲಸಬೇಕು, ಏಕೆಂದರೆ ಪುಡಿಯಲ್ಲೂ ರೋಗಾಣು ಇರಬಹುದು. ಬೆಚ್ಚಗಾಗುವವರೆಗೆ ಆರಿಸಿ ಕುಡಿಸಿ, ಎರಡು ಗಂಟೆಯೊಳಗೆ ಉಳಿದದ್ದನ್ನು ಚೆಲ್ಲಿಬಿಡಿ. ಡಬ್ಬದೊಳಗಿನ ಚಮಚದಲ್ಲೇ, ತಲೆ ಸವರಿ ಅಳೆಯಿರಿ, ನೀರು ಡಬ್ಬದ ಮೇಲೆ ಬರೆದಷ್ಟೇ. ಇಲ್ಲಿ ನನಗೆ ದೊಡ್ಡ ಭಯವೊಂದಿದೆ. ಮೂರು ತಿಂಗಳ ಮಗುವಿಗೆ ದಿನಕ್ಕೆ ಮುಕ್ಕಾಲು ಲೀಟರು ಹಾಲೆಂದರೆ ಸುಮಾರು ನೂರು ಗ್ರಾಂ ಪುಡಿ. 400 ಗ್ರಾಂ ಡಬ್ಬ ನಾಲ್ಕು ದಿನಕ್ಕೆ ಖಾಲಿ, ತಿಂಗಳಿಗೆ ಏಳೆಂಟು ಡಬ್ಬ. ನಿಮ್ಮೂರ ಅಂಗಡಿಯ ಬೆಲೆ ಹಾಕಿ ಗುಣಿಸಿ, ಅದು ನೀವು ಸಂಘಕ್ಕೆ ಹಾಕುವ ಎಷ್ಟು ಲೀಟರಿಗೆ ಸಮ ಎಂದು ನೋಡಿ. ಬಟವಾಡೆ ತಡವಾದ ವಾರದಲ್ಲಿ ಡಬ್ಬ ಇನ್ನೆರಡು ದಿನ ಬರಲಿ ಎಂದು ಅರ್ಧ ಚಮಚ ಕಡಿಮೆ ಹಾಕುವ ಆಸೆ ಬರುತ್ತದೆ. ಅಲ್ಲಿಂದಲೇ ಮಗು ಸೊರಗಲು ಶುರು. ಪುಡಿ ಹೆಚ್ಚು ಹಾಕಿದರೂ ಅಪಾಯವೇ.

ಬಾಟಲಿಗಿಂತ ನಮ್ಮ ಹಳೆಯ ಒಳಲೆ ಎಷ್ಟೋ ಮೇಲು. ತೊಳೆಯಲು ಸುಲಭ, ಒಳಗೆ ಕೊಳೆ ಅಡಗುವ ಮೂಲೆಯಿಲ್ಲ. ಬೆಳಿಗ್ಗೆ ಐದಕ್ಕೆ ಹಾಲು ಕರೆದು, ಹೊಲಕ್ಕೂ ಹೋಗಬೇಕಾದ ತಾಯಿ ತನ್ನ ಹಾಲನ್ನು ಶುದ್ಧವಾದ ಬಟ್ಟಲಿಗೆ ಹಿಂಡಿಟ್ಟು ಹೋದರೆ ತಂಪಾದ ಜಾಗದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಇಡಬಹುದು. ಅಜ್ಜಿ ಅದನ್ನು ಒಳಲೆಯಲ್ಲಿ ಕುಡಿಸಲಿ. ಕುದಿಸಬಾರದು, ಬಿಸಿನೀರಿನಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಕ್ಯಾನು ತೊಳೆಯುವ ಶಿಸ್ತು ಬಲ್ಲ ಮನೆಗೆ ಇದು ಕಷ್ಟವೇನಲ್ಲ. ಬಾಣಂತಿಯ ಪಾಲಿನ ಬೆಳಗಿನ ಕರಾವನ್ನು ಆರು ತಿಂಗಳು ಮನೆಯ ಗಂಡಸರೇ ಮಾಡಿದರೆ ಇನ್ನೂ ಒಳ್ಳೆಯದು.

ಹಾಲು ಕೊಡುವ ಹಸುವಿಗೆ ಎರಡೂವರೆ ಲೀಟರಿಗೆ ಒಂದು ಕೆ.ಜಿ. ಪಶು ಆಹಾರ ಎಂದು ಲೆಕ್ಕ ಹಾಕುತ್ತೀರಿ. ಬಾಣಂತಿಗೆ ಮಾತ್ರ ಪಥ್ಯವೆಂದು ಊಟ ಕಡಿಮೆ, ನೀರು ಕಡಿಮೆ! ಮೊದಲ ಆರು ತಿಂಗಳು ಆಕೆಗೆ ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚು ಬೇಕು, ಅಂದರೆ ಇನ್ನೊಂದು ಹೊತ್ತಿನ ಪೂರ್ತಿ ಊಟ. ಮುದ್ದೆ, ಬೇಳೆ, ಸಬ್ಬಸಿಗೆ ಸೊಪ್ಪು, ಮೊಟ್ಟೆ, ಬಾಯಾರಿದಷ್ಟು ನೀರು. ಮನೆಯ ಹಸುವಿನ ಹಾಲು ಹೋಗಬೇಕಾದ್ದು ಮಗುವಿನ ಬಾಟಲಿಗಲ್ಲ, ಈ ತಾಯಿಯ ಲೋಟಕ್ಕೆ. 2017ರಿಂದ ನಡೆಯುತ್ತಿರುವ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟದ ಜೊತೆ ಹಾಲೂ ಸಿಗುತ್ತದೆ. ಮನೆಯಲ್ಲಿ ಹಸುವಿದೆ ಎಂದು ಅದನ್ನು ಬಿಡಬೇಡಿ.

ಹಾಲು ಸಾಲುತ್ತಿದೆಯೇ ಎಂದು ತಿಳಿಯುವುದು ಅಳುವಿನಿಂದಲ್ಲ. ಮಗು ನೂರು ಕಾರಣಕ್ಕೆ ಅಳುತ್ತದೆ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ತಿಳಿಯಾದ ಮೂತ್ರ ಮಾಡುತ್ತಿದ್ದರೆ, ಅಂಗನವಾಡಿಯ ತಕ್ಕಡಿಯಲ್ಲಿ ತೂಕ ಏರುತ್ತಿದ್ದರೆ ಸಾಲುತ್ತಿದೆ. ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಸಬೇಕು, ರಾತ್ರಿಯದನ್ನು ತಪ್ಪಿಸಬಾರದು. ಮಗು ಮಂಕಾಗಿ ಚೀಪದೇ ಮಲಗಿದರೆ, ಮೂತ್ರ ನಿಂತರೆ, ಅಂಗೈ ಅಂಗಾಲೂ ಹಳದಿಯಾದರೆ ಆಶಾ ಕಾರ್ಯಕರ್ತೆಗಾಗಿ ಕಾಯದೆ 108ಕ್ಕೆ ಕರೆ ಮಾಡಿ.

ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ, ನೀರೂ ಬೇಡ. ವೈದ್ಯರು ಬರೆದುಕೊಟ್ಟ ಹನಿಗಳು, ಔಷಧಿ ಬೇರೆ ಮಾತು. ಆಮೇಲೆ ರಾಗಿ ಸರಿ, ಮಸೆದ ಅನ್ನ ಬೇಳೆ, ಬಾಳೆಹಣ್ಣು, ಸ್ವಲ್ಪ ಮೊಸರು, ಜೊತೆಗೆ ಎರಡು ವರ್ಷದವರೆಗೂ ಅದರಾಚೆಗೂ ಎದೆಹಾಲು. ಒಂದು ವರ್ಷ ತುಂಬಿದ ಮೇಲೆ ನಿಮ್ಮ ಹಸುವಿನ ಹಾಲಿನ ಸರದಿ. ಚೆನ್ನಾಗಿ ಕುದಿಸಿ, ನೀರು ಬೆರೆಸದೆ, ಬಾಟಲಿಯಲ್ಲಲ್ಲ, ಲೋಟದಲ್ಲಿ. ದಿನಕ್ಕೆ ಅರ್ಧ ಲೀಟರಿನೊಳಗೆ ಇರಲಿ. ಹೆಚ್ಚಾದರೆ ಮಗು ಊಟ ಬಿಡುತ್ತದೆ.